ತಿದ್ದಿ ಮುಗಿಯದ ಪತ್ರ

ಮಹಡಿಯ ಮೇಲೆ ಒಣಗಿದ ಬಟ್ಟೆಗಳ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದ ಕೆಳಮನೆಯ ಅಜ್ಜಿಗೆ, ತಂತಿಯಾಚೆಯಿಂದ ಮೇಲ್ಮನೆಯ ಅಕ್ಕತಮ್ಮಂದಿರ ಮಾತು ಕೇಳಿಸಿತು. ಇಬ್ಬರೂ ದೊಡ್ಡದೊಂದು ಬೆಡ್‌ಶೀಟನ್ನು ಆಚೀಚೆ ಹಿಡಿದು ಮಡಚುತ್ತಿದ್ದರು.

“ಕಾಲೇಜಿಗೆ ಬರೆದ ಪತ್ರ ಕಳಿಸಿದೆಯೇನೋ?”

“ಇನ್ನೂ ತಿದ್ತಾ ಇದೀನಿ ಅಕ್ಕಾ.”

“ತಿಂಗಳುಗಟ್ಟಲೆ ತಿದ್ತೀಯಲ್ಲ ಮಹಾರಾಯ. ‘ನನಗೆ ಓದೋದು ನಿಧಾನ, ಪರೀಕ್ಷೇಲಿ ಹೆಚ್ಚು ಸಮಯ ಕೊಡಿ, ಪ್ರಶ್ನೆ ಓದಿ ಹೇಳೋರನ್ನ ಕೊಡಿ.’ ಇದರಲ್ಲಿ ತಿದ್ದೋಕೇನಿದೆ?”

“ಗೆಳೆಯರು ದಡ್ಡ ಅಂದ್ಕೋತಾರೆ.”

“ಹೋದ ಸಲ ಅರ್ಧ ಪ್ರಶ್ನೆ ಓದೋಷ್ಟರಲ್ಲಿ ಗಂಟೆ ಹೊಡೀತು, ಫೇಲಾದೆ. ಆಗೇನು ಜಾಣ ಅಂದ್ರಾ?”

ತಮ್ಮ ತನ್ನ ಕಡೆಯ ಸುಕ್ಕನ್ನು ಎಳೆದೆಳೆದು ಸರಿಮಾಡತೊಡಗಿದ.

“ನಾನು ಯಾವಾಗಲೋ ಬೈದಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸ್ತೀಯ. ನೀನು ದಡ್ಡನಂತೆ. ಇವತ್ತೇ ಕಡೇ ದಿನ, ಫೋನ್ ಕೊಡು, ನಾನೇ ಕಳಿಸ್ತೀನಿ.”

“ಬೇಡಪ್ಪಾ. ಕೊನೇಲಿ ‘ಜೊತೆಗೆ ಸೋಮಾರಿ’ ಅಂತ ಸೇರಿಸಿಬಿಡ್ತೀಯ.”

“ಇರೋದನ್ನ ಬರೆದ್ರೆ ತಪ್ಪೇನೋ?”

“ನನ್ನ ಕಡೆ ತುದೀನೂ ನೀನೇ ಹಿಡ್ಕೋ. ನಾನೇ ಕಳಿಸ್ತೀನಿ.”

ಅಕ್ಕ ಬೆಡ್‌ಶೀಟಷ್ಟನ್ನೂ ಬಾಚಿ ಅಪ್ಪಿಕೊಂಡು ನಿಂತಳು. ಅವನು ಫೋನು ತೆಗೆದು ಬಹಳ ಹೊತ್ತು ನೋಡಿದ. ಅಜ್ಜಿಯೂ ಕ್ಲಿಪ್ಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಹೋಯ್ತಾ?”

“ಹೋಯ್ತು.”

“ಸದ್ಯ. ನೋಡು, ನಿನ್ನ ಕಾಯೋದ್ರಲ್ಲಿ ಇದರ ತುದಿಯೆಲ್ಲ ನೆಲಕ್ಕೆ ತಾಗಿ ಧೂಳಾಯ್ತು. ಇನ್ನೊಂದ್ಸಲ ನೀನೇ ಒಗೀಬೇಕು.”

“ಅದಕ್ಕೂ ಹೆಚ್ಚು ಸಮಯ ಕೊಡ್ತೀಯಾ?”

ಬೆಡ್‌ಶೀಟನ್ನು ಕಣ್ಣು ಮುಚ್ಚುವಂತೆ ತಮ್ಮನ ತಲೆಯ ಮೇಲೆ ಹೇರಿ ಅಕ್ಕ ಮೆಟ್ಟಿಲಿಳಿದಳು. ಅವನು ಗೋಡೆ ಸವರಿಕೊಂಡು, ನಗುತ್ತಲೇ ಹಿಂದೆ ಇಳಿದ.