ಮೇಷ್ಟ್ರ ಪಾಲಿನ ತಂಬಿಟ್ಟು

ಸಭೆಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ಹೇಳಿದ ಕಾರ್ಯದರ್ಶಿ ನಿಂಗರಾಜು ಅವರೇ, ಹನೂರಿನ ಮಹನೀಯರೇ, ಬಂಡಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದು ಸೊಂಟ ಹಿಡಿದುಕೊಂಡು ಕೂತಿರುವ ನನ್ನ ನೆರೆಹೊರೆಯವರೇ, ಸಭಿಕರೇ,

ನಿವೃತ್ತ ಮೇಷ್ಟ್ರು ಅರುಳಪ್ಪನಿಗೆ ಇಂದು ‘ಸೌಹಾರ್ದ ಶಿಲ್ಪಿ’ ಎಂಬ ಬಿರುದು ಕೊಟ್ಟಿದ್ದೀರಿ. ಪೇಟ ತೊಡಿಸಿದ್ದೀರಿ. ಅದು ಕಿವಿಯವರೆಗೂ ಇಳಿದಿದೆ, ಆದ್ದರಿಂದ ಚಪ್ಪಾಳೆ ಸರಿಯಾಗಿ ಕೇಳಿಸಲಿಲ್ಲ.

ಸೌಹಾರ್ದದ ಬಗ್ಗೆ ನಾನು ಎಷ್ಟು ಭಾಷಣ ಮಾಡಿಲ್ಲ? ಭಿನ್ನತೆಯನ್ನು ಗೌರವಿಸಿ ಎಂದು ಎಷ್ಟು ಶಾಲೆಗಳಲ್ಲಿ ಹೇಳಿಲ್ಲ? ನಾನಾ ಬಣ್ಣದ ಹೂವುಗಳ ತೋಟ ಎಂಬ ಉದಾಹರಣೆ ನನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ತೋಟವಿಲ್ಲ. ಒಂದು ನಿಂಬೆ ಗಿಡ ಮತ್ತು ಆರು ಕೋಳಿಗಳಿವೆ. ಕೋಳಿಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಕ್ರೈಸ್ತ. ಅರ್ಧ ಕ್ರೈಸ್ತನಲ್ಲ, ಪೂರ್ತಿ. ಬೇರೆ ದೇವರ ಮುಂದೆ ಇಟ್ಟದ್ದನ್ನು ನಾನು ತಿನ್ನುವುದಿಲ್ಲ. ನಮ್ಮ ತಂದೆಯೂ ತಿನ್ನಲಿಲ್ಲ. ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ, ನನ್ನ ಯೇಸುವಿಗೆ ನಾನು ಕೊಟ್ಟ ಮಾತು ಅಷ್ಟೆ. ಈ ಪೇಟ ವಾಪಸ್ ತೆಗೆದುಕೊಳ್ಳುತ್ತೀರೆಂದರೂ ನಾಳೆಯೂ ತಿನ್ನುವುದಿಲ್ಲ.

ಆದರೆ ನಮ್ಮ ಬೇಲಿಯ ಆಚೆ ಚನ್ನಮಲ್ಲಮ್ಮನವರ ಮನೆ. ಮಾದಪ್ಪನ ಭಕ್ತೆ. ಇಪ್ಪತ್ತಾರು ವರ್ಷ, ಪ್ರತಿ ಶಿವರಾತ್ರಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ತಂಬಿಟ್ಟು ಬೇಲಿ ದಾಟಿ ಬರುತ್ತಿತ್ತು. ಬೇಡ ಎನ್ನಲು ನಾಲಿಗೆ ಬರಲಿಲ್ಲ. ತಿನ್ನಲು ಮನಸ್ಸು ಒಪ್ಪಲಿಲ್ಲ. ನಗುತ್ತಾ ತೆಗೆದುಕೊಂಡು, ಹಿತ್ತಲಿಗೆ ಹೋಗಿ ಕೋಳಿಗಳಿಗೆ ಹಾಕುತ್ತಿದ್ದೆ. ಡಬ್ಬಿಯನ್ನು ಬರಿದಾಗಿ ಕೊಡಬಾರದಲ್ಲ, ನಿಂಬೆಹಣ್ಣು ತುಂಬಿ ಹಿಂದಿರುಗಿಸಿ, “ಬಹಳ ರುಚಿಯಾಗಿತ್ತಮ್ಮ” ಎನ್ನುತ್ತಿದ್ದೆ. ಸುಳ್ಳು ಹೇಳಬಾರದು ಎಂಬುದೂ ನನ್ನ ಧರ್ಮದಲ್ಲೇ ಇದೆ. ಏಕೋ ಆ ಭಾಗ ಶಿವರಾತ್ರಿಯ ದಿನ ನೆನಪಿಗೆ ಬರುತ್ತಿರಲಿಲ್ಲ.

ಈ ಸಲ ಅವರ ಮೊಮ್ಮಗಳು ದೀಪ ಬೇಲಿಯ ಮೇಲಿಂದ ಇಣುಕಿದಳು. “ಅಜ್ಜೀ, ಮೇಷ್ಟ್ರು ನಮ್ ತಂಬಿಟ್ಟ ಕೋಳಿಗ್ ಆಕ್ತಾವ್ರೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅವಳಿಗೆ ಗಟ್ಟಿಯಾಗಿ ಓದಲು ಕಲಿಸಿದವನು ನಾನೇ.

ಚನ್ನಮಲ್ಲಮ್ಮನವರು ಬಂದು ನಿಂತರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅದು ಪೂಜೆಗಿಟ್ಟಿದ್ದಲ್ಲ ಕಣ್ರಿ ಮೇಷ್ಟ್ರೇ,” ಎಂದರು. “ನಿಮ್ ಪಾಲ್ನ ದೇವ್ರ ಮುಂದೆ ಇಡೋಕ್ ಮುಂಚೇನೇ ತಗ್ದು ಮಡಗ್ತಿದ್ದೆ. ಮಾದಪ್ಪಂಗೂ ಏಳ್ಬುಟ್ಟಿದ್ದೆ, ಮೇಷ್ಟ್ರು ಬೇರೆ ದೇವ್ರ ಒಕ್ಲು, ಅವ್ರ ಪಾಲು ಮೊದ್ಲು ತಗೀತೀನಿ, ಕ್ವಾಪ ಮಾಡ್ಕಬ್ಯಾಡ ಕಣಪ್ಪ ಅಂತ. ನಿಮ್ ಮನೆಯೋರು ಮೇರಕ್ಕ ನಂಗೆ ಮೊಟ್ಟೆ ಆಕ್ದೆ ಬ್ಯಾರೆ ಕೇಕ್ ಮಾಡ್ತಿರ್ನಿಲ್ವಾ? ಅಂಗೇಯ.”

ಸಭಿಕರೇ, ದೇವರಿಗೆ ಮೀಸಲು ಮಾಡಿದ್ದನ್ನು ಪೂಜೆಗೆ ಮುಂಚೆ ಮಗು ಕೇಳಿದರೂ ಕೊಡದ ಮನೆ ಅದು. ನನಗಾಗಿ ಆಕೆ ತನ್ನ ದೇವರ ಹತ್ತಿರ ವರ್ಷವರ್ಷವೂ ವಿನಾಯಿತಿ ಕೇಳಿದ್ದಾರೆ. ತಿನ್ನಿ ಎಂದು ಒತ್ತಾಯಿಸಿದವರಲ್ಲ, ನಿಮ್ಮ ದೇವರನ್ನು ಬಿಡಿ ಎಂದವರಲ್ಲ, ತಮ್ಮ ದೇವರನ್ನೂ ಬಿಟ್ಟವರಲ್ಲ.

ಇನ್ನು ನನ್ನ ಹೆಂಡತಿ ಸಗಾಯಮೇರಿ. ಎರಡು ವರ್ಷದ ಹಿಂದೆ ದೇವರ ಬಳಿ ಹೋದಳು. ಪ್ರತಿ ಕ್ರಿಸ್‌ಮಸ್ಸಿಗೆ ಎರಡು ಕೇಕು ಮಾಡುತ್ತಿದ್ದಳು. ಎರಡೇಕೆ ಎಂದರೆ, “ಒಂದು ಸೀದೋದ್ರೆ ಇನ್ನೊಂದಿರ್ಲಿ ಅಂತ” ಎನ್ನುತ್ತಿದ್ದಳು. ನಾನು ನಂಬಿದ್ದೆ. ಬೇಲಿಯ ಎರಡೂ ಕಡೆ ಇಬ್ಬರು ಹೆಂಗಸರು ಸದ್ದಿಲ್ಲದೆ ಪಾಲು ತೆಗೆದಿಡುತ್ತಿದ್ದರು. ನಾನು ನಡುಮನೆಯಲ್ಲಿ ಕೂತು ಸೌಹಾರ್ದದ ಭಾಷಣ ಬರೆಯುತ್ತಿದ್ದೆ. ಶಿಲ್ಪಿ ಯಾರು, ನೀವೇ ಹೇಳಿ?

ಆ ದಿನದಿಂದ ಚನ್ನಮಲ್ಲಮ್ಮನವರು ಮಾತು ಬಿಟ್ಟಿದ್ದಾರೆ. ಯುಗಾದಿ ಬಂತು, ಒಬ್ಬಟ್ಟು ಬರಲಿಲ್ಲ. ಬೇಲಿಯ ಆಚೆ ಬಳೆ ಸದ್ದು ಕೇಳಿದರೆ ನಾನು ನಿಂಬೆ ಗಿಡದ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತೇನೆ. ನನಗೆ ಸಂಕಟವಾಗುತ್ತದೆ, ಸಭಿಕರೇ. ಮೇರಿ ಹೋದ ಮೇಲೆ ‘ಉಂಡ್ರಾ ಮೇಷ್ಟ್ರೇ’ ಎಂದು ಕೇಳುತ್ತಿದ್ದ ದನಿ ಅದೊಂದೇ.

ಡಬ್ಬಿ ನನ್ನಲ್ಲೇ ಉಳಿಯಿತು. ಈ ಸಲ ನಿಂಬೆಹಣ್ಣು ಸಾಲದು ಎನ್ನಿಸಿತು. ನಿನ್ನೆ ಜೀವಮಾನದಲ್ಲೇ ಮೊದಲ ಬಾರಿಗೆ ನಾನೇ ಕೇಕು ಮಾಡಿದೆ. ಅಧ್ಯಕ್ಷರು ಆಗಿನಿಂದ ಏನೋ ಸೀದ ವಾಸನೆ ಎಂದು ಮೈಕ್ ಸೆಟ್ಟಿನ ಪುಟ್ಟಬಸಪ್ಪನನ್ನು ಎರಡು ಸಲ ಗದರಿದರು. ಅವನ ತಪ್ಪಿಲ್ಲ, ಸ್ವಾಮಿ. ಡಬ್ಬಿ ನನ್ನ ಕುರ್ಚಿಯ ಕೆಳಗಿದೆ.

ಮೂರನೆಯ ಸಾಲಿನಲ್ಲಿ ಕೂತಿರುವ ಚನ್ನಮಲ್ಲಮ್ಮನವರೇ... ಅಕ್ಕಾ, ಮೊಟ್ಟೆ ಹಾಕಿಲ್ಲ. ನಾನು ಪ್ರಾರ್ಥನೆ ಮಾಡುವ ಮುಂಚೆಯೇ ನಿಮ್ಮ ಪಾಲು ತೆಗೆದಿಟ್ಟಿದ್ದೇನೆ. ತಿನ್ನಲಾಗದಿದ್ದರೆ ನಿಮ್ಮ ಕರುವಿಗಾದರೂ ಹಾಕಿ, ನಾನು ಕೇಳುವುದಿಲ್ಲ. ಆದರೆ ರುಚಿಯಾಗಿತ್ತು ಎಂದು ಮಾತ್ರ ಹೇಳಬೇಡಿ.

ಎದ್ದಿರಾ? ಹೊರಟಿರಾ ಅಕ್ಕಾ?

ಬಾಗಿಲು ಆ ಕಡೆ... ಓ. ಈ ಕಡೆಗೇ ಬರುತ್ತಿದ್ದಾರೆ. ಮುಂದಿನ ಸಾಲಿನವರು ಸ್ವಲ್ಪ ಕಾಲು ತೆಗೆಯಿರಿ, ದಾರಿ ಬಿಡಿ. ನಿಂಗರಾಜು, ಮೆಟ್ಟಿಲ ಹತ್ತಿರ ಕೈ ಹಿಡಿದುಕೊಳ್ಳಪ್ಪ.

ನಾನಿನ್ನು ಕುರ್ಚಿಯ ಕೆಳಗಿನ ಡಬ್ಬಿ ತೆಗೆಯಬೇಕು. ಎಲ್ಲರಿಗೂ ವಂದನೆಗಳು. ನಮಸ್ಕಾರ.