ಅಮ್ಮಿಣಿಯ ದನಿ ಯಾರದು

ಹಲೋ… ಹಲೋ, ಯಾರು ಮಾತಾಡ್ತಿರೋದು? ಮನುಷ್ಯರಾ, ಇಲ್ಲಾ ಮತ್ತೆ ಅದೇ ಯಂತ್ರವಾ? ಒಂದು ಒತ್ತಿ, ಎರಡು ಒತ್ತಿ ಅಂತ ಬೆಳಿಗ್ಗೆಯಿಂದ ನನ್ನ ಕೈಲಿ ಒತ್ತಿಸ್ತಾನೇ ಇದೆ…

…ಹಾಂ, ಮನುಷ್ಯರೇ. ಸದ್ಯ. ಇದು ಕೊಚ್ಚಿಯ ಟೀವಿ ಚಾನೆಲ್ಲು ಅಲ್ವಾ? ‘ಪುಳಕ್ಕರೆ’ ಧಾರಾವಾಹಿ ಬರುತ್ತಲ್ಲ, ಅದೇ ತಾನೇ? ನಾನು ಪಟ್ಟಾಂಬಿಯಿಂದ, ರುಗ್ಮಿಣಿ ಟೀಚರ್ ಅಂತ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸ್ತಿದ್ದೆ, ರಿಟೈರಾಗಿ ಬಹಳ ಕಾಲವಾಯ್ತು. ನಿನ್ನ ಹೆಸರೇನಮ್ಮ?…

…ಶೈಜ. ಸರಿ ಶೈಜ. ಮೊದಲು ಅಭಿನಂದನೆ ಹೇಳಿಬಿಡ್ತೀನಿ. ಭಾನುವಾರ ಪ್ರಶಸ್ತಿ ಸಮಾರಂಭ ತೋರಿಸಿದ್ರಲ್ಲ, ನಮ್ಮ ಪುಳಕ್ಕರೆಗೆ ಎಷ್ಟೊಂದು ಬಂತು. ಒಳ್ಳೆ ಧಾರಾವಾಹಿ, ಒಳ್ಳೆ ಕಥೆ, ಒಳ್ಳೆ ನಟಿ… ನಾನು, ಪಕ್ಕದ ಮನೆ ಖದೀಜ ಇಬ್ಬರೇ ಕೂತು ಚಪ್ಪಾಳೆ ತಟ್ಟಿದ್ದು ಬೀದಿಗೆಲ್ಲ ಕೇಳಿಸಿರಬೇಕು. ನಮ್ಮ ಮನೆಯಲ್ಲೇ ಯಾರಿಗೋ ಕೊಟ್ಟ ಹಾಗೆ…

…ಹಾಂ ಹಾಂ, ತಿಳಿಸು, ಎಲ್ಲರಿಗೂ ತಿಳಿಸು. ಆದರೆ ಒಂದು ನಿಮಿಷ, ಇಡಬೇಡ. ನನಗೆ ಬೇಕಾದ್ದನ್ನ ಇನ್ನೂ ಕೇಳೇ ಇಲ್ಲ. ಅಮ್ಮಿಣಿಯ ದನಿ ಯಾರದು?…

…ಅಮ್ಮಿಣಿ ಅಮ್ಮ, ನಿಮ್ಮ ಕಥೆಯ ನಾಯಕಿ. ದೋಣಿಕಟ್ಟೆ ಹತ್ತಿರ ಚಹಾದಂಗಡಿ ಇಟ್ಕೊಂಡಿದ್ದಾಳಲ್ಲ. ಅವಳು ಮಾತಾಡ್ತಾಳಲ್ಲ, ಆ ದನಿ. ಅದು ಯಾರದು ಅಂತ…

…ಇಲ್ಲ, ನಮ್ಮ ಟೀವಿ ಸರಿಯಾಗಿದೆ. ದನಿ ಚೆನ್ನಾಗಿ ಬರ್ತಿದೆ…

…ರಿಮೋಟೂ ಸರಿಯಾಗಿದೆ. ಭಾಷೆ ಬದಲಾಗಿಲ್ಲ. ಬೇಡ, ಯಾವ ಗುಂಡೀನೂ ಒತ್ತೋದು ಬೇಡ, ಇವತ್ತು ಒತ್ತಿದ್ದೇ ಸಾಕಾಗಿದೆ. ಶೈಜ, ಸ್ವಲ್ಪ ಕೇಳು. ಭಾನುವಾರ ಆ ನಟಿ ಪ್ರಶಸ್ತಿ ತಗೊಳ್ಳೋಕೆ ವೇದಿಕೆ ಹತ್ತಿದಳಾ? ನಾನಿಲ್ಲಿ ಕುರ್ಚಿ ತುದಿಗೆ ಬಂದು ಕೂತಿದ್ದೀನಿ, ಈಗ ಮಾತಾಡ್ತಾಳೆ, ಈಗ ಮಾತಾಡ್ತಾಳೆ ಅಂತ. ಮಾತಾಡಿದಳು. ನೋಡಿದರೆ ಯಾರೋ ಬೇರೆ ಹುಡುಗಿ. ಎಳೆ ದನಿ, ಗುಬ್ಬಿ ಥರ. ಎರಡು ವಾಕ್ಯ ಮಲಯಾಳ, ಅದೂ ಬಾಯಿಪಾಠ ಮಾಡಿದ್ದು. ಆಮೇಲೆ ಇಂಗ್ಲಿಷು. ಕೊನೆಗೆ ಅಪ್ಪ ಅಮ್ಮನಿಗೆ ಅಂತ ಏನೋ ಕನ್ನಡದಲ್ಲಿ ಹೇಳಿ ಅತ್ತಳು…

…ಹೌದಂತೆ, ಮೈಸೂರಿನವಳಂತೆ. ಅವಳನ್ನ ಬೈತಾ ಇಲ್ಲ ನಾನು. ತನ್ನದಲ್ಲದ ಭಾಷೆಯಲ್ಲಿ ಅಷ್ಟು ಜನರ ಮುಂದೆ ಎರಡು ವಾಕ್ಯ ಹೇಳಬೇಕು ಅಂತ ಕಲಿತುಕೊಂಡು ಬಂದಿದ್ದಳಲ್ಲ, ನನಗೆ ಅದು ಇಷ್ಟವಾಯ್ತು. ಆದರೆ ಅವಳು ಅಮ್ಮಿಣಿ ಅಲ್ಲ. ಅಮ್ಮಿಣಿ ದನಿ ಒಂದು ಚೂರು ಒಡಕು. ಬೆಳಿಗ್ಗೆ ಎದ್ದು ಇನ್ನೂ ಯಾರ ಜೊತೆಗೂ ಮಾತಾಡಿಲ್ಲವೇನೋ ಅನ್ನೋ ಹಾಗೆ. ಅದನ್ನ ಹಿಂದೆ ನಿಂತು ಬೇರೆ ಯಾರೋ ಆಡ್ತಾರೆ ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ…

…ಎಲ್ಲ ಧಾರಾವಾಹಿಯಲ್ಲೂ ಹಾಗೇನಾ? ಎಲ್ಲರಿಗೂ ಗೊತ್ತಿರೋದೇನಾ? ಇರಬಹುದು. ನನಗೆ ಗೊತ್ತಿರಲಿಲ್ಲ. ಸರಿ, ಈಗ ಹೆಸರು ಹೇಳು…

…ಕೊನೆಯಲ್ಲಿ ತೋರಿಸ್ತೀವಿ, ನೋಡಿಕೊಳ್ಳಿ ಅಂತೀಯಾ? ಮಗಳೇ, ನನಗೆ ಕಣ್ಣು ಕಾಣಿಸೋದಿಲ್ಲ…

…ಅಯ್ಯೋ, ನೀನ್ಯಾಕೆ ಕ್ಷಮೆ ಕೇಳ್ತೀಯ, ಫೋನಿನಲ್ಲಿ ಅದೆಲ್ಲ ಹೇಗೆ ಗೊತ್ತಾಗುತ್ತೆ. ಕಣ್ಣಿನೊಳಗೆ ಒತ್ತಡ ಅಂದ್ರು ಡಾಕ್ಟರು, ನಿಧಾನಕ್ಕೆ ಹೋಯ್ತು. ಕಿಟಕಿ ತೆಗೆದಿದೆಯೋ ಮುಚ್ಚಿದೆಯೋ ಅಷ್ಟು ಗೊತ್ತಾಗುತ್ತೆ. ಹೆಸರು ಓದೋಕೆ ಖದೀಜ ಪ್ರಯತ್ನಪಟ್ಟಳು. ದಿನಾ ಕನ್ನಡಕ ಹಾಕ್ಕೊಂಡು ಟೀವಿಗೆ ಮೂಗು ತಾಗಿಸಿ ಕೂತಳು ಪಾಪ. ಹೆಸರುಗಳು ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡ್ತವಂತೆ. ಅವುಗಳ ಮೇಲೆ ಒಂದು ಸೋಪಿನ ಜಾಹೀರಾತು ಬಂದು ಕೂರುತ್ತಂತೆ. ಅವಳಿಗೆ ಸಿಕ್ಕಿದ್ದು ಲೈಟು ಹಿಡಿಯೋರ ಹೆಸರು, ಊಟ ತಂದುಕೊಡೋರ ಹೆಸರು. ಅವರಿಗೂ ಒಳ್ಳೆಯದಾಗಲಿ, ಆದರೆ ನನಗೆ ಬೇಕಾದ್ದು ಇವರದು…

…ಅವಸರ ಇದೆಯಮ್ಮ. ಈ ಶನಿವಾರ ಕೊನೆಯ ಕಂತು ಅಲ್ವಾ? ಆಮೇಲೆ ಆ ದನಿಯನ್ನ ನಾನು ಎಲ್ಲಿ ಅಂತ ಹುಡುಕಲಿ? ಮುಖ ಇದ್ದೋರು ಪೇಪರಿನಲ್ಲಿ ಸಿಗ್ತಾರೆ, ಸೀರೆ ಅಂಗಡಿ ಬೋರ್ಡಿನ ಮೇಲೆ ಸಿಗ್ತಾರೆ. ಇವರು ಎಲ್ಲಿ ಸಿಗ್ತಾರೆ, ಹೇಳು? ಹೆಸರು ಗೊತ್ತಾದರೆ ಹೇಗಾದರೂ ಮಾಡಿ ಒಂದು ಮಾತು ತಲುಪಿಸಬಹುದು. ಆ ಪ್ರಶಸ್ತಿ ನಿಮಗೆ ಬಂದದ್ದು ಕಣಮ್ಮಾ ಅಂತ. ನನಗೆ ಬೇಕಾದ್ದು ಇಷ್ಟೇ, ಬೇರೇನೂ ಇಲ್ಲ…

…ಹಾಂ, ಇದ್ದೀನಿ. ಹೇಳು… ನಟಿ ಸಹಿ ಹಾಕಿದ ಫೋಟೋ ಕಳಿಸ್ತೀಯಾ? ನನಗಾ? ಶೈಜ, ನಾನು ಈಗ ತಾನೇ ಏನು ಹೇಳಿದೆ?…

…ಪರವಾಗಿಲ್ಲ, ನಗು. ಫೋನ್ ಮಾಡಿದೋರಿಗೆಲ್ಲ ಫೋಟೋ ಕಳಿಸಿ ಅಂತ ನಿಮಗೆ ಹೇಳಿಟ್ಟಿರಬೇಕು…

…ಯಾವ ನಟಿ ಅಂದರೆ? ಅಮ್ಮಿಣಿ ಪಾರ್ಟು ಮಾಡಿದೋಳದ್ದು. ಅಮ್ಮಿಣಿಯರು ಎಷ್ಟು ಜನ ಇದ್ದಾರೆ?…

…ಏನಂದೆ?…

…ನಿಲ್ಲು, ನಿಲ್ಲು. ನಿಧಾನಕ್ಕೆ ಹೇಳು. ಮೊದಲನೆಯವಳು ಮದುವೆಯಾಗಿ ಬಿಟ್ಟುಹೋದಳು. ಎರಡನೆಯವಳಿಗೆ ಸಿನಿಮಾ ಸಿಕ್ಕಿತು. ಈ ಮೈಸೂರಿನ ಹುಡುಗಿ ಮೂರನೆಯವಳು, ಹೋದ ಓಣಂ ಆದ ಮೇಲೆ ಬಂದಳು… ನನಗೆ ಯಾರೂ ಹೇಳಲೇ ಇಲ್ಲವಲ್ಲ. ಶೈಜ, ಹಾಗೇ ಇರು. ಖದೀಜಾ… ಲೇ ಖದೀಜಾ, ಬಾ ಇಲ್ಲಿ. ಒಲೆ ಆರಿಸಿ ಬಾ. ಅಮ್ಮಿಣಿ ಎರಡು ಸಲ ಬದಲಾದಳಂತೆ?…

…ಉಸಿರಾಡೋದು ಕೇಳಿಸ್ತಿದೆ, ನಿಂತಿದ್ದೀಯ ಅಂತ ಗೊತ್ತು. ಹೌದಾ, ಅಲ್ವಾ?…

…ನನಗೆ ಬೇಜಾರಾಗುತ್ತೆ ಅಂತಲಾ? ಅಂದರೆ ಅವತ್ತು ‘ಅಮ್ಮಿಣಿ ಸ್ವಲ್ಪ ಸೊರಗಿದ್ದಾಳೆ ಟೀಚರೇ, ಹಸಿರು ಸೀರೆ ಉಟ್ಟಿದ್ದಾಳೆ’ ಅಂದೆಯಲ್ಲ, ಅವಳು ಸೊರಗಿದ್ದಲ್ಲ, ಬೇರೆಯವಳೇ ಬಂದು ಕೂತಿದ್ದಳು?… ಆಮೇಲೆ ‘ಈಗ ಮೈ ತುಂಬಿಕೊಂಡಿದ್ದಾಳೆ’ ಅಂದದ್ದು? ಅದು ಮೂರನೆಯವಳಾ?… ನಾನೋ, ಏನಾದರೂ ಔಷಧಿ ತಗೊಂಡಳೇನೋ ಅಂತ ಸಂತೋಷಪಟ್ಟೆ. ಹೋಗು, ಹೋಗಿ ಒಲೆ ಹಚ್ಚು…

…ಶೈಜ, ಇದ್ದೀಯಾ? ಅವಳ ಮೇಲೆ ಸಿಟ್ಟು ಮಾಡೋಕೂ ಆಗೋಲ್ಲ. ಊರಲ್ಲೆಲ್ಲ ಜನ ಗಲಾಟೆ ಮಾಡಿದ್ರಂತೆ, ಹಳೇ ಅಮ್ಮಿಣಿಯೇ ಬೇಕು ಅಂತ. ಅವಳೊಬ್ಬಳು ನನ್ನ ಪಕ್ಕ ಕೂತು ತನ್ನ ಬೇಜಾರನ್ನ ತಾನೇ ನುಂಗಿಕೊಂಡಿದ್ದಾಳೆ. ಅದಿರಲಿ. ನೀನೇ ಯೋಚನೆ ಮಾಡು. ಮುಖ ಮೂರು ಬಂದು ಹೋದವು, ನನಗೆ ಗೊತ್ತೇ ಆಗಲಿಲ್ಲ. ಯಾಕೆ ಗೊತ್ತಾಗಲಿಲ್ಲ? ಆ ದನಿಯವರು ಒಂದು ದಿನವೂ ಬದಲಾಗಲಿಲ್ಲ. ಅಲ್ವಾ? ಹಾಗಾದರೆ ಒಳ್ಳೆ ನಟಿ ಅಂತ ಕೊಟ್ಟಿರಲ್ಲ ಪ್ರಶಸ್ತಿ, ಅದನ್ನ ಕೊಟ್ಟದ್ದು ಯಾರಿಗೆ?…

…ನಿನ್ನ ಕೈಲಿಲ್ಲ, ಗೊತ್ತು. ನೀನು ಕೊಟ್ಟೆ ಅಂತ ನಾನು ಹೇಳಲಿಲ್ಲ. ಗೊತ್ತಿರೋರಿಗೆ ಫೋನು ಕೊಡು ಹಾಗಾದರೆ. ಕಾಯ್ತೀನಿ. ಕಾಯಿಸುವಾಗ ಹಾಕ್ತೀರಲ್ಲ, ಆ ಹಾಡು ಹಾಕದೆ ಇದ್ದರೆ ಒಳ್ಳೆಯದು…

…ಹಾಕೇ ಬಿಟ್ಟಳು…

…

…ಹಲೋ, ಯಾರು? ಡಬ್ಬಿಂಗಿನವರಾ?… ಜಾಹೀರಾತಿನವರಾ? ಅಲ್ಲಪ್ಪ, ನನಗೆ ಯಾವ ಅಂಗಡಿಯೂ ಇಲ್ಲ… ಮೂವತ್ತು ಸೆಕೆಂಡೂ ಬೇಡ, ಹತ್ತು ಸೆಕೆಂಡೂ ಬೇಡ. ನನಗೆ ಒಂದು ಹೆಸರು ಬೇಕು. ಅಮ್ಮಿಣಿಯ ದನಿ… ದನಿ ಅಪ್ಪ, ದನಿ. ದನದ ಮೇವಲ್ಲ, ನಾನು ಮೇವು ಮಾರೋದಿಲ್ಲ. ದನಿ ಅಂದೆ. ಗಂಟಲಿನದು… ಹಲೋ… ಹಲೋ…

…

…ಯಾರು, ಶೈಜನಾ? ಅಬ್ಬ. ನಿನ್ನ ಕೈಗೇ ಬಂದು ಸೇರಿದೆನಲ್ಲ. ಆ ಮನುಷ್ಯ ನನಗೆ ಜಾಹೀರಾತು ಮಾರಿಬಿಡ್ತಿದ್ದ. ಯಾಕಮ್ಮ, ಮೇಲುಸಿರು ಬರ್ತಿದೆ?…

…ನೀನೇ ಎದ್ದು ಹೋಗಿ ಕೇಳಿಕೊಂಡು ಬಂದ್ಯಾ? ಮೆಟ್ಟಿಲು ಹತ್ತಿ? ಊಟದ ಹೊತ್ತಿನಲ್ಲಿ? ನೋಡು, ನಾನು ಇಷ್ಟು ಹೊತ್ತು ನಿನ್ನ ಮೇಲೆ ಹರಿಹಾಯ್ತಾ ಇದ್ದೆ…

…ರೋಸಿಲಿ. ಇನ್ನೊಂದು ಸಲ ಹೇಳು… ರೋಸಿಲಿ. ಖದೀಜಾ, ಕೇಳಿಸ್ತಾ, ರೋಸಿಲಿ ಅಂತೆ… ಮೊದಲ ಕಂತಿನಿಂದಲೂ ಅವರೇನಾ? ಎಲ್ಲವೂ?…

…ನಂಬರು ಹೊರಗೆ ಕೊಡೋ ಹಾಗಿಲ್ಲ ಅಂದರೆ ಕೊಡಬೇಡ. ನಿನ್ನ ಕೆಲಸಕ್ಕೆ ತೊಂದರೆಯಾಗೋದು ಬೇಡ. ನೀನೇ ಹೇಳಿಬಿಡು ಅವರಿಗೆ, ಪಟ್ಟಾಂಬಿಯಲ್ಲಿ ಒಬ್ಬಳು ಮುದುಕಿ…

…ಹಾಂ? ನಿನ್ನ ಸ್ವಂತ ಫೋನಿನಿಂದ ಅವರಿಗೆ ಮಾಡಿ, ಎರಡು ಫೋನನ್ನೂ ಎದುರುಬದುರು ಹಿಡೀತೀಯಾ? ಹಾಗೆ ಕೇಳಿಸುತ್ತಾ? ಯಾರಾದರೂ ನೋಡಿದರೆ?… ಸರಿ, ಹಿಡಿ. ನಾನು ಗಟ್ಟಿಯಾಗಿ ಮಾತಾಡ್ತೀನಿ…

…

…ಹಾಂ…

…ಹಾಂ. ಇದೇ. ಇದೇ ದನಿ…

…ಇಲ್ಲ ಇಲ್ಲ, ಅಳ್ತಿಲ್ಲ, ನೀವು ಮಾತಾಡ್ತಾ ಇರಿ. ನಾನು ಯಾರೂ ಅಲ್ಲ ರೋಸಿಲಿ, ನಿಮ್ಮನ್ನ ಕೇಳೋರಲ್ಲಿ ಒಬ್ಬಳು. ಕಣ್ಣು ಹೋದ ವರ್ಷ ಯಾವುದೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ದೆ. ಪಕ್ಕದ ಮನೆಯವಳು ಬಂದು ಟೀವಿ ಹಾಕಿದಳು. ನೀವು ಯಾರಿಗೋ ಹೇಳ್ತಿದ್ರಿ, ‘ದೋಣಿ ಬರೋಕೆ ಇನ್ನೂ ಹೊತ್ತಿದೆ, ಒಂದು ಚಹಾ ಕುಡೀರಿ’ ಅಂತ. ನಾನು ಎದ್ದು ಕೂತು, ಚಹಾ ಮಾಡು ಅಂದೆ ಖದೀಜಳಿಗೆ. ಅವತ್ತಿನಿಂದ… ಹೇಳೋಕೆ ಬಹಳ ಇತ್ತು, ಈಗ ಯಾವುದೂ ಬರ್ತಿಲ್ಲ. ಆ ಪ್ರಶಸ್ತಿ ನಿಮ್ಮದು. ಅದನ್ನ ಹೇಳೋಕೆ ಫೋನ್ ಮಾಡಿದ್ದು…

…ನಿಮ್ಮನ್ನ ಕರೆದಿದ್ರಾ ಸಮಾರಂಭಕ್ಕೆ?… ಮನೆಯಲ್ಲಿ ಟೀವಿಯಲ್ಲಿ ನೋಡಿದ್ರಾ. ನಮ್ಮ ಹಾಗೇ… ‘ಅಭ್ಯಾಸವಾಗಿದೆ’ ಅನ್ನಬೇಡಿ. ನಿಮಗೆ ಆಗಿರಬಹುದು, ನನಗೆ ಆಗಿಲ್ಲ…

…ಅದೇನು ಶಬ್ದ? ಬಸ್ಸಾ?… ಕೊನೆಯ ಕಂತಿಗೆ ಮಾತಾಡಿ ಮುಗಿಸಿ ಬರ್ತಿದ್ದೀರಾ? ಎಲ್ಲಿಗೆ, ಅಂಗಮಾಲಿಗಾ? ಯಾಕೆ, ಮಾತಿನ ಮಧ್ಯೆ ಜೋಲಿ ಹೊಡೀತಿದ್ದೀರಿ… ನಿಂತಿದ್ದೀರಾ?…

…ಬೆಳಿಗ್ಗೆಯಿಂದ ಮೈಕಿನ ಮುಂದೆ ನಿಂತು, ಈಗ ಇಲ್ಲೂ ನಿಂತು? ಅಲ್ಲ, ಇಡೀ ಬಸ್ಸಿನಲ್ಲಿ ಒಬ್ಬರಿಗೂ… ಸೀಟು ತುಂಬಿದೆ, ಅದು ಗೊತ್ತು. ತುಂಬಿರೋದು ಯಾರಿಂದ ಅಂತ ಕೇಳ್ತಿದ್ದೀನಿ. ನಿಮ್ಮ ಪಕ್ಕದ ಸೀಟಿನಲ್ಲಿ ಯಾರಿದ್ದಾರೆ?…

…ಕಾಲೇಜು ಹುಡುಗಿಯಾ? ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದಾಳಾ? ತೆಗೆಸಿ. ಫೋನು ಅವಳಿಗೆ ಕೊಡಿ… ಸಂಕೋಚ ಎಲ್ಲ ಆಮೇಲೆ. ಟೀಚರ್ ಮಾತಾಡಬೇಕಂತೆ ಅನ್ನಿ, ತಗೊಳ್ತಾಳೆ…

…ಹಲೋ, ಮಗಳೇ. ನಾನು ಯಾರು ಅಂತ ನಿನಗೆ ಗೊತ್ತಿಲ್ಲ, ಹೆದರಬೇಡ. ನಿಮ್ಮ ಮನೆಯಲ್ಲಿ ಪುಳಕ್ಕರೆ ನೋಡ್ತಾರಾ?… ಅಮ್ಮಮ್ಮ ನೋಡ್ತಾರೆ. ನೀನು ಅಲ್ಲೇ ಮೊಬೈಲು ಹಿಡ್ಕೊಂಡು ಕೂತಿರ್ತೀಯ. ಅಷ್ಟು ಸಾಕು, ಕಿವಿಗೆ ಬಿದ್ದಿರುತ್ತೆ. ನಿನ್ನ ಪಕ್ಕ ನಿಂತಿದ್ದಾರಲ್ಲ, ನಿನಗೆ ಫೋನು ಕೊಟ್ಟರಲ್ಲ, ಅವರೇ ಅಮ್ಮಿಣಿ…

…ಅಲ್ಲ, ಟೀವಿಯವರ ತಮಾಷೆ ಅಲ್ಲ. ಯಾವ ಕ್ಯಾಮೆರಾನೂ ಇಲ್ಲ. ಅವರ ಮುಖ ನೋಡಬೇಡ, ಮುಖದಲ್ಲಿ ಗೊತ್ತಾಗೋಲ್ಲ. ಫೋನಿನ ಸ್ಪೀಕರ್ ಹಾಕು, ಅವರಿಗೂ ಕೇಳಿಸಲಿ. ಈಗ ಕಣ್ಣು ಮುಚ್ಚು… ಮುಚ್ಚಿದ್ಯಾ? ಎರಡೂ? ರೋಸಿಲಿ, ಈಗ ಏನಾದರೂ ಹೇಳಿ. ಗಟ್ಟಿಯಾಗಿ. ನಾಚಿಕೆ ಯಾಕೆ, ಈ ಜನರ ಮನೆಯೊಳಗೆಲ್ಲ ನೀವು ಮಾತಾಡಿಲ್ವಾ? ಒಂದೇ ಒಂದು ಮಾತು…

…

…ಕೇಳಿಸ್ತು. ನನಗೂ ಕೇಳಿಸ್ತು…

…ಹಿಂದೆ ಯಾರೋ ಹೆಂಗಸು ಅಮ್ಮಿಣಿ ಅಂತಿದ್ದಾರೆ ಅಲ್ವಾ? ಮತ್ತೊಬ್ಬರು… ಕಂಡಕ್ಟರೂ ಕೇಳ್ತಿದ್ದಾನಾ? ಮಗಳೇ, ಕಣ್ಣು ಬಿಟ್ಟೆಯಾ? ಎದ್ದೆಯಾ?… ಅವರು ಬೇಡ ಬೇಡ ಅಂತಾರೆ, ಕೇಳಬೇಡ. ಕೈ ಹಿಡಿದು ಕೂರಿಸು…

…ಶೈಜ, ಫೋನು ಸ್ವಲ್ಪ ಹತ್ತಿರ ಹಿಡಿ, ಕೇಳಿಸ್ತಿಲ್ಲ… ಕೂತ್ರಾ?… ರೋಸಿಲಿ, ನೀವು ಕೂತ್ರಾ?… ಹಲೋ… ಯಾರಾದರೂ ಹೇಳಿ, ಕೂತ್ರಾ ಅವರು?… ಹಲೋ…