ಹಸಿರು ಚುಕ್ಕೆ

ರಾಹುಕಾಲದ ದೀಪಕ್ಕೆಂದು ಬನಶಂಕರಿ ಗುಡಿಗೆ ಬಂದಿದ್ದ ಬಸವಲಿಂಗಮ್ಮನವರು ಒಳಹೊರಗು ಮಾಡಿದ ನಿಂಬೆಹೋಳಿಗೆ ಎಣ್ಣೆ ಹಾಕುತ್ತಿದ್ದಾಗ, ಪಕ್ಕದಲ್ಲಿ ಕುಳಿತ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

"ದೀಪ ಹಚ್ಚು ಮೇಘಾ, ಯಾಕೆ ಸುಮ್ನೆ ಕೂತೆ?"

"ಕೈ ಬರ್ತಿಲ್ಲ ಅತ್ತೆ. ಹೋದ ಶುಕ್ರವಾರ ಕೆಲಸದ ಹೊತ್ತಲ್ಲಿ ಯಾರಿಗೂ ಹೇಳದೆ ಇಲ್ಲಿಗೆ ಬಂದಿದ್ದೆ."

"ಮನೇಲಿ ಕೂತು ಮಾಡೋ ಕೆಲಸ. ಯಾರಮ್ಮ ನೋಡೋಕೆ ಬರ್ತಾರೆ?"

"ಯಾರೂ ನೋಡಲ್ಲ, ಅದಕ್ಕೇ ಹೇಳಿ ಬರ್ಬೇಕಿತ್ತು. ಲ್ಯಾಪ್‌ಟಾಪಲ್ಲಿ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಹಾಗೇ ಇತ್ತು. ನಾನಿದ್ದೀನಿ ಅಂತ ನಂಬಿ ನನ್ನ ಜೊತೆ ಕೆಲಸ ಮಾಡೋ ಸುರಭಿ ಕಾದ್ಲು. ಕೊನೆಗೆ ಕ್ಲೈಂಟ್ ಹತ್ರ ಒಬ್ಳೇ ಬೈಸ್ಕೊಂಡ್ಲು."

"ನಿನ್ನ ಮೇಲೆ ರೇಗಿದ್ಲಾ?"

"ರೇಗಿದ್ರೆ ಚೆನ್ನಾಗಿತ್ತು. ಮೇಘಾ ಮನೇಲಿ ಕರೆಂಟ್ ಇರ್ಲಿಲ್ವೇನೋ ಪಾಪ ಅಂತ ಎಲ್ರಿಗೂ ಹೇಳಿದ್ಲು. ನಾನೂ ಹೂಂ ಅಂದ್ಬಿಟ್ಟೆ."

"ಇವತ್ತು ಹೇಳಿ ಬಂದಿದ್ದೀಯ ತಾನೆ?"

ಸೊಸೆ ತಲೆ ಎತ್ತಲಿಲ್ಲ. "ಹೇಳಿದ್ರೆ ಹೋದ ವಾರದ್ದೂ ಗೊತ್ತಾಗತ್ತೆ ಅಂತ..."

ಅಷ್ಟರಲ್ಲಿ ಅವಳ ಮೊಬೈಲ್ ಮಿನುಗಿತು.

"ಯಾರು?"

"ಸುರಭಿ. 'ಇದ್ದೀಯಾ? ಇವತ್ತೂ ಕರೆಂಟ್ ಹೋಯ್ತಾ?' ಅಂತ ಕೇಳ್ತಿದ್ದಾಳೆ."

ಅತ್ತೆ ಸೊಸೆಯ ಕೈಯಿಂದ ಬತ್ತಿ ತೆಗೆದುಕೊಂಡರು. "ಹೋಗು, ಮೊದ್ಲು ಆ ಹುಡುಗಿಗೆ ನಿಜ ಹೇಳು. ತಾಯಿ ಕಾಯ್ತಾಳೆ."

ಮೇಘಾ ಮುಖ ಒರೆಸಿಕೊಂಡು ಎದ್ದಳು. ಬಸವಲಿಂಗಮ್ಮನವರು ಕಾಲು ಮಡಚಿ, ತಮ್ಮ ದೀಪದ ಕಡೆಗೇ ನೋಡುತ್ತ, ಅವಳಿಗೆ ದಾರಿ ಬಿಟ್ಟರು.